ಕಪ್ಪುರಂಧ್ರದ ವಿಕಿರಣವೂ ಮಿಥ್ಯಾಕಣಗಳೂ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಖಗೋಳವಿಜ್ಞಾನದ ಬಗ್ಗೆ ಕನ್ನಡದಲ್ಲಿ ಉಪನ್ಯಾಸ ಕೊಟ್ಟಾಗಲೆಲ್ಲ ನಾನು ಗಮನಿಸಿರುವ ಒಂದು ಸಂಗತಿಯಿದೆ. ಆ ದಿನದ ವಿಷಯ ಸೂರ್ಯನ ಕಲೆಗಳಾಗಿರಲಿ, ಧೂಮಕೇತುವಾಗಿರಲಿ, ಕೊನೆಯ ಹತ್ತು ನಿಮಿಷ ಮಾತ್ರ ಕಪ್ಪುರಂಧ್ರದ ಪಾಲಾಗುತ್ತದೆ. ಪಿಯುಸಿ ವಿದ್ಯಾರ್ಥಿಗಳೂ ನಿವೃತ್ತ ಎಂಜಿನಿಯರುಗಳೂ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ, ಏಕೆಂದರೆ ಅವೆಲ್ಲ ಒಂದೇ ಚಿತ್ರದಿಂದ ಹುಟ್ಟಿದವು: ದಿಗಂತದ, ಅಂದರೆ ದಾಟಿದರೆ ಮರಳಿ ಬರಲಾಗದ ಗಡಿಯ ಅಂಚಿನಲ್ಲಿ, ನಿರ್ವಾತದ ಏರಿಳಿತದಿಂದ ಎರಡು 'ಮಿಥ್ಯಾಕಣ'ಗಳು ಜೋಡಿಯಾಗಿ ಹುಟ್ಟುತ್ತವೆ, ಋಣ ಶಕ್ತಿಯದು ಒಳಗೆ ಬೀಳುತ್ತದೆ, ಇನ್ನೊಂದು ತಪ್ಪಿಸಿಕೊಂಡು ಹೊರಗೆ ಬರುತ್ತದೆ. ಆ ಚಿತ್ರ ಎಷ್ಟು ದೂರ ನಮ್ಮ ಜೊತೆ ಬರುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಈ ಉತ್ತರಗಳಲ್ಲಿ ಹೇಳಲು ಯತ್ನಿಸಿದ್ದೇನೆ.

ಹಾಕಿಂಗ್ ವಿಕಿರಣ ಎಂದರೇನು?

ಕಪ್ಪುರಂಧ್ರದಿಂದ ಏನೂ ಹೊರಬರಲಾರದು ಎಂಬುದು ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಮಾತು. ಆ ಸಿದ್ಧಾಂತ ಹೇಳುವ ಬಾಗಿದ ದೇಶಕಾಲದಲ್ಲಿ ಕ್ವಾಂಟಂ ಕ್ಷೇತ್ರಗಳು ಹೇಗೆ ವರ್ತಿಸುತ್ತವೆ ಎಂದು ಲೆಕ್ಕ ಹಾಕಿದರೆ, ಕಪ್ಪುರಂಧ್ರವು ಕಾದ ಕಬ್ಬಿಣದಂತೆ ಒಂದು ನಿರ್ದಿಷ್ಟ ತಾಪಮಾನದಲ್ಲಿ ವಿಕಿರಣ ಸೂಸುತ್ತದೆ ಎಂಬ ಉತ್ತರ ಬರುತ್ತದೆ. ಸ್ಟೀಫನ್ ಹಾಕಿಂಗ್ ಇದನ್ನು 1974ರ ಮಾರ್ಚಿನಲ್ಲಿ ನೇಚರ್ ಪತ್ರಿಕೆಯ ಒಂದು ಚಿಕ್ಕ ಲೇಖನದಲ್ಲಿ ಪ್ರಕಟಿಸಿದರು; ವಿವರವಾದ ಗಣಿತವನ್ನು 1975ರಲ್ಲಿ ಮುಂದಿಟ್ಟರು. ಅದಕ್ಕೆ ಸ್ವಲ್ಪ ಮೊದಲು ಜೇಕಬ್ ಬೆಕೆನ್‌ಸ್ಟೈನ್ ಅವರು ಕಪ್ಪುರಂಧ್ರಕ್ಕೆ ಎಂಟ್ರೊಪಿ (ಅವ್ಯವಸ್ಥೆಯ ಅಳತೆ) ಇದೆ, ಅದು ದಿಗಂತದ ಮೇಲ್ಮೈ ವಿಸ್ತೀರ್ಣಕ್ಕೆ ಅನುಗುಣವಾಗಿದೆ ಎಂದಾಗ ಹಾಕಿಂಗ್ ಒಪ್ಪಿರಲಿಲ್ಲ. ಎಂಟ್ರೊಪಿ ಇದ್ದರೆ ತಾಪಮಾನ ಇರಬೇಕು, ತಾಪಮಾನ ಇದ್ದರೆ ವಿಕಿರಣ ಇರಬೇಕು, ಅದಂತೂ ಸಾಧ್ಯವಿಲ್ಲ ಎಂಬುದು ಅವರ ತಕರಾರು. ಕೊನೆಗೆ ಅವರದೇ ಲೆಕ್ಕ ಬೆಕೆನ್‌ಸ್ಟೈನರ ಪಕ್ಷ ವಹಿಸಿತು.

ಈ ತಾಪಮಾನ ರಂಧ್ರದ ದ್ರವ್ಯರಾಶಿಗೆ ವಿಲೋಮವಾಗಿದೆ. ಸೂರ್ಯನಷ್ಟು ತೂಕದ ಕಪ್ಪುರಂಧ್ರದ ತಾಪಮಾನ ಸುಮಾರು 0.00000006 ಕೆಲ್ವಿನ್. ದ್ರವ್ಯರಾಶಿ ಹೆಚ್ಚಿದಷ್ಟೂ ರಂಧ್ರ ತಣ್ಣಗಿರುತ್ತದೆ, ಶಕ್ತಿ ಕಳೆದುಕೊಂಡಷ್ಟೂ ಬಿಸಿಯಾಗುತ್ತದೆ. ಒಲೆಯ ಮೇಲಿನ ಯಾವ ಪಾತ್ರೆಯೂ ಹೀಗೆ ನಡೆದುಕೊಳ್ಳುವುದಿಲ್ಲ.

ನಿರ್ವಾತದಲ್ಲಿ ಏನೂ ಇಲ್ಲವೆಂದ ಮೇಲೆ ಏರಿಳಿತ ಯಾವುದರದು?

ಕ್ಷೇತ್ರದ್ದು. ಇಂದಿನ ಭೌತಶಾಸ್ತ್ರದಲ್ಲಿ ಮೂಲಭೂತವಾದದ್ದು ಕಣವಲ್ಲ, ಎಲ್ಲೆಡೆ ಹಬ್ಬಿರುವ ಕ್ಷೇತ್ರ. ವಿದ್ಯುತ್ಕಾಂತೀಯ ಕ್ಷೇತ್ರದ ಕಂಪನವು ಬಿಡಿಬಿಡಿ ಕಂತುಗಳಲ್ಲಿ ಮಾತ್ರ ಹೆಚ್ಚಬಲ್ಲದು. ಅಂಥ ಒಂದು ಕಂತಿಗೆ ಫೋಟಾನ್ ಎಂದು ಹೆಸರು. ನಿರ್ವಾತವೆಂದರೆ ಕ್ಷೇತ್ರವೇ ಇಲ್ಲದ ಜಾಗವಲ್ಲ, ಒಂದು ಕಂತೂ ಇಲ್ಲದ ಸ್ಥಿತಿ, ಅಂದರೆ ಕ್ಷೇತ್ರದ ಕನಿಷ್ಠ ಶಕ್ತಿಯ ಸ್ಥಿತಿ.

ತಂಬೂರಿಯ ತಂತಿಯನ್ನು ನೆನೆದುಕೊಳ್ಳಿ. ಯಾರೂ ಮೀಟದಿದ್ದಾಗ ಅದು ತನ್ನ ಜಾಗದಲ್ಲಿ ನಿಶ್ಚಲವಾಗಿರುತ್ತದೆ. ಅದೇ ತಂತಿಯನ್ನು ಕ್ವಾಂಟಂ ನಿಯಮದಂತೆ ವಿವರಿಸಿದರೆ, ಅದರ ಸ್ಥಾನವೂ ವೇಗವೂ ಒಟ್ಟೊಟ್ಟಿಗೆ ಸರಿಯಾಗಿ ಸೊನ್ನೆಯಾಗಿರಲು ಅನಿಶ್ಚಿತತೆಯ ತತ್ವ ಬಿಡುವುದಿಲ್ಲ. ಅತ್ಯಂತ ಶಾಂತವಾದ ಸ್ಥಿತಿಯಲ್ಲೂ ತಂತಿ ಎಲ್ಲಿದೆ ಎಂದು ಅಳೆದರೆ ಒಮ್ಮೆ ಒಂದು ಬೆಲೆ, ಅದೇ ರೀತಿ ಸಿದ್ಧಪಡಿಸಿದ ಇನ್ನೊಂದು ತಂತಿಯಲ್ಲಿ ಬೇರೊಂದು ಬೆಲೆ ಸಿಗುತ್ತದೆ. ಈ ಬೆಲೆಗಳು ಎಷ್ಟು ಅಗಲಕ್ಕೆ ಚದುರಿವೆ ಎಂಬುದೇ ಕ್ವಾಂಟಂ ಏರಿಳಿತ.

ಇಲ್ಲಿ ನಮ್ಮ ಪದವೇ ನಮಗೆ ತೊಡಕಾಗಿದೆ ಎಂದು ನನಗೆ ಅನಿಸುತ್ತದೆ. 'ಏರಿಳಿತ' ಎಂದ ಕೂಡಲೇ ಕಾಲ ಕಳೆದಂತೆ ಏನೋ ಏರುತ್ತದೆ, ಇಳಿಯುತ್ತದೆ ಎಂಬ ಭಾವನೆ ಬರುತ್ತದೆ. ನಿರ್ವಾತ ಸ್ಥಿತಿ ಕಾಲದೊಂದಿಗೆ ಬದಲಾಗುವುದೇ ಇಲ್ಲ. ಅಲ್ಲಿ ಕುದಿಯುವುದೂ ಇಲ್ಲ, ನೊರೆಯೇಳುವುದೂ ಇಲ್ಲ. 'ಹರವು' ಎಂದಿದ್ದರೆ ಅರ್ಧ ಗೊಂದಲ ತಪ್ಪುತ್ತಿತ್ತು. ಆದರೆ ಏರಿಳಿತ ಎಂಬ ಪದ ಬಳಕೆಗೆ ಬಂದಾಗಿದೆ, ನಾನೂ ಅದನ್ನೇ ಬಳಸುತ್ತೇನೆ.

ಮಿಥ್ಯಾಕಣಗಳು ನಿಜವಾಗಿ ಇವೆಯೆ?

ಎರಡು ಎಲೆಕ್ಟ್ರಾನ್‌ಗಳು ಒಂದನ್ನೊಂದು ಹೇಗೆ ತಳ್ಳುತ್ತವೆ ಎಂಬ ಲೆಕ್ಕವನ್ನು ಒಂದೇ ಏಟಿಗೆ ಮಾಡಲಾಗುವುದಿಲ್ಲ. ಅದನ್ನು ಚಿಕ್ಕ ಚಿಕ್ಕ ಪದಗಳ ಉದ್ದನೆಯ ಮೊತ್ತವಾಗಿ ಬಿಡಿಸಿ, ಬೇಕಾದಷ್ಟು ಪದಗಳನ್ನು ಕೂಡಿಸುತ್ತಾರೆ. 1940ರ ದಶಕದ ಕೊನೆಯಲ್ಲಿ ರಿಚರ್ಡ್ ಫೈನ್‌ಮನ್ ಪ್ರತಿಯೊಂದು ಪದಕ್ಕೂ ಒಂದು ಗೆರೆಚಿತ್ರ ಬರೆಯುವ ಉಪಾಯ ಹೂಡಿದರು. ಚಿತ್ರದ ಒಳಗೆ ಹುಟ್ಟಿ ಒಳಗೇ ಮುಗಿಯುವ ಗೆರೆಗಳಿಗೆ ಮಿಥ್ಯಾಕಣ ಎಂದು ಹೆಸರು. ಅವನ್ನು ಯಾವ ಸಂಸೂಚಕವೂ ಹಿಡಿಯಲಾರದು. ಲೆಕ್ಕದ ವಿಧಾನ ಬದಲಿಸಿದರೆ ಆ ಗೆರೆಗಳೂ ಬದಲಾಗುತ್ತವೆ, ಉತ್ತರ ಮಾತ್ರ ಅದೇ ಇರುತ್ತದೆ.

'ನಿರ್ವಾತವು ಸ್ವಲ್ಪ ಹೊತ್ತಿಗೆ ಶಕ್ತಿಯನ್ನು ಸಾಲ ಪಡೆದು ಕಣಗಳನ್ನು ಸೃಷ್ಟಿಸಿ, ಬೇಗನೆ ಸಾಲ ತೀರಿಸುತ್ತದೆ' ಎಂಬ ವಿವರಣೆಯನ್ನು ಪಠ್ಯಪುಸ್ತಕಗಳಲ್ಲೂ ಓದಿದ್ದೇನೆ. ಕೊಡುವವರಿಲ್ಲ, ಖಾತೆಯಿಲ್ಲ, ಇದು ಎಂಥ ಸಾಲ? ಶಕ್ತಿ ಸಂರಕ್ಷಣೆಯ ನಿಯಮ ಒಂದು ಕ್ಷಣಕ್ಕೂ ಮುರಿಯುವುದಿಲ್ಲ.

ಹಾಗೆಂದು ನಿರ್ವಾತದ ಪರಿಣಾಮಗಳು ಸುಳ್ಳಲ್ಲ. 1947ರಲ್ಲಿ ಲ್ಯಾಂಬ್ ಮತ್ತು ರೆದರ್‌ಫರ್ಡ್ ಹೈಡ್ರೋಜನ್ ಪರಮಾಣುವಿನ ಎರಡು ಶಕ್ತಿಮಟ್ಟಗಳ ನಡುವೆ ಒಂದು ಸೂಕ್ಷ್ಮ ಅಂತರವನ್ನು ಅಳೆದರು. 1948ರಲ್ಲಿ ಹೆಂಡ್ರಿಕ್ ಕ್ಯಾಸಿಮಿರ್, ಒತ್ತೊತ್ತಾಗಿ ಇಟ್ಟ ಎರಡು ಲೋಹದ ಫಲಕಗಳು ಒಂದನ್ನೊಂದು ಸೆಳೆಯುತ್ತವೆ ಎಂದು ಲೆಕ್ಕ ಹಾಕಿದರು; ಆ ಬಲವನ್ನು ಸ್ಟೀವ್ ಲ್ಯಾಮೊರೋ 1997ರಲ್ಲಿ ಸ್ಪಷ್ಟವಾಗಿ ಅಳೆದರು. ಇವೆಲ್ಲ ಕ್ಷೇತ್ರ ನಿಜವೆನ್ನುವುದಕ್ಕೆ ಸಾಕ್ಷಿ. ಗೆರೆಚಿತ್ರದ ಒಳಗಿನ ಗೆರೆ ಪುಟ್ಟ ಗೋಲಿಯಂತೆ ಹಾರಾಡುತ್ತಿದೆ ಎನ್ನುವುದಕ್ಕೆ ಇವು ಸಾಕ್ಷಿಯಲ್ಲ.

ಇನ್ನೊಂದು ಮಾತು. 'ಮಿಥ್ಯಾ' ಎಂಬ ಪದ ಕೇಳಿದೊಡನೆ ಸಭೆಯಲ್ಲಿ ಯಾರಾದರೊಬ್ಬರು ಶಂಕರಾಚಾರ್ಯರನ್ನು ನೆನೆಯುತ್ತಾರೆ. ಪದ ಅಲ್ಲಿಂದಲೇ ಬಂದಿರಬಹುದು, ಅರ್ಥ ಅಲ್ಲಿಂದ ಬಂದಿಲ್ಲ. ಇಲ್ಲಿ ಅದು ಲೆಕ್ಕಪುಸ್ತಕದ ಒಂದು ಶಬ್ದ ಮಾತ್ರ.

ಹಾಗಾದರೆ ಹಾಕಿಂಗ್ ಅವರ ಲೆಕ್ಕದಲ್ಲಿ ಮಿಥ್ಯಾಕಣ ಎಲ್ಲಿ ಬರುತ್ತದೆ?

ಎಲ್ಲಿಯೂ ಬರುವುದಿಲ್ಲ. ಈ ಒಂದು ಸಂಗತಿ ತಿಳಿದರೆ ಉಳಿದ ಬಹಳಷ್ಟು ಗೊಂದಲ ತಾನಾಗಿ ಕರಗುತ್ತದೆ. ಫೈನ್‌ಮನ್ ಚಿತ್ರಗಳು ಬೇಕಾಗುವುದು ಕ್ಷೇತ್ರಗಳು ಪರಸ್ಪರ ಕ್ರಿಯೆ ನಡೆಸಿದಾಗ. ಹಾಕಿಂಗ್ ತೆಗೆದುಕೊಂಡದ್ದು ಬೇರೆ ಯಾವ ಕ್ಷೇತ್ರದೊಡನೆಯೂ ಸಂಬಂಧವಿಲ್ಲದ, ಬಾಗಿದ ದೇಶಕಾಲದಲ್ಲಿ ತನ್ನಷ್ಟಕ್ಕೆ ಚಲಿಸುವ ಒಂಟಿ ಕ್ಷೇತ್ರವನ್ನು. ಅಲ್ಲಿ ಗೆರೆಚಿತ್ರಕ್ಕೆ ಕೆಲಸವೇ ಇಲ್ಲ.

ಅವರು ಮಾಡಿದ್ದು ಎರಡು ಕಾಲಗಳ ಹೋಲಿಕೆ. ನಕ್ಷತ್ರ ಕುಸಿಯುವ ಮೊದಲು, ಬಹಳ ದೂರದಲ್ಲಿ, ಕ್ಷೇತ್ರ ನಿರ್ವಾತ ಸ್ಥಿತಿಯಲ್ಲಿದೆ ಎಂದು ಇಟ್ಟುಕೊಳ್ಳೋಣ. 'ಇಲ್ಲಿ ಒಂದೂ ಕಣವಿಲ್ಲ' ಎಂದು ಹೇಳಬೇಕಾದರೆ ಕ್ಷೇತ್ರದ ಅಲೆಗಳನ್ನು ಧನ ಆವೃತ್ತಿಯವು, ಋಣ ಆವೃತ್ತಿಯವು ಎಂದು ಎರಡು ಗುಂಪು ಮಾಡಬೇಕು. ಆ ವಿಂಗಡಣೆಗೆ ಒಂದು ಗಡಿಯಾರ ಬೇಕು. ನಕ್ಷತ್ರ ಕುಸಿದು ಕಪ್ಪುರಂಧ್ರವಾದ ಬಹುಕಾಲದ ನಂತರ ದೂರದಲ್ಲಿ ನಿಂತವರ ಗಡಿಯಾರದಂತೆ ಅದೇ ಅಲೆಗಳನ್ನು ಮತ್ತೆ ವಿಂಗಡಿಸಿದರೆ, ಮೊದಲು ಶುದ್ಧ ಧನ ಗುಂಪಿನಲ್ಲಿದ್ದ ಅಲೆಯೊಳಗೆ ಈಗ ಋಣ ಭಾಗವೂ ಬೆರೆತಿರುತ್ತದೆ. ಈ ಬೆರಕೆಯ ಪ್ರಮಾಣವನ್ನು ಬೊಗೊಲ್ಯುಬೊವ್ ಪರಿವರ್ತನೆ ಎಂಬ ಗಣಿತದಿಂದ ಕಂಡುಹಿಡಿಯುತ್ತಾರೆ. ಬೆರಕೆ ಇದ್ದರೆ, ಹಿಂದಿನ ನಿರ್ವಾತವೇ ಈಗಿನವರ ಎಣಿಕೆಯಲ್ಲಿ ಕಣಗಳಿಂದ ಕೂಡಿದ ಸ್ಥಿತಿ ಎಂದಾಯಿತು. ಕ್ಷೇತ್ರದ ಸ್ಥಿತಿಯನ್ನು ಯಾರೂ ಬದಲಿಸಿಲ್ಲ. ನಡುವೆ ದೇಶಕಾಲದ ಆಕಾರ ಬದಲಾಗಿದೆ.

ಬೆರಕೆ ಏಕೆ ಆಗುತ್ತದೆ? ದಿಗಂತ ರೂಪುಗೊಳ್ಳುವ ಕೊನೆಯ ಗಳಿಗೆಯಲ್ಲಿ ಅದಕ್ಕೆ ಅಂಟಿಕೊಂಡಂತೆ ಹೊರಟ ಅಲೆ ದೂರಕ್ಕೆ ತಲುಪುವಾಗ ವಿಪರೀತ ಹಿಗ್ಗಿರುತ್ತದೆ. ಸೂರ್ಯನಷ್ಟು ತೂಕದ ರಂಧ್ರದಲ್ಲಿ ತಡವಾಗಿ ಹೊರಟಷ್ಟೂ, ಪ್ರತಿ 20 ಮೈಕ್ರೋಸೆಕೆಂಡಿಗೆ 2.7 ಪಟ್ಟಿನಂತೆ, ಈ ಹಿಗ್ಗುವಿಕೆ ಗುಣಿಸುತ್ತಾ ಹೋಗುತ್ತದೆ. ಹೀಗೆ ಘಾತೀಯವಾಗಿ ಎಳೆದ ಅಲೆಯನ್ನು ಬಿಡಿಸಿ ನೋಡಿದರೆ ಸಿಗುವ ಹಂಚಿಕೆ ಕಾದ ವಸ್ತುವಿನ ವಿಕಿರಣದ ಪ್ಲಾಂಕ್ ಸೂತ್ರಕ್ಕೆ ಸರಿಹೊಂದುತ್ತದೆ. ತಾಪಮಾನ ಬರುವುದು ಆ 20 ಮೈಕ್ರೋಸೆಕೆಂಡಿನಿಂದಲೇ; ಆ ಕಾಲ ಚಿಕ್ಕದಾದಷ್ಟೂ, ಅಂದರೆ ರಂಧ್ರ ಚಿಕ್ಕದಾದಷ್ಟೂ, ತಾಪಮಾನ ಹೆಚ್ಚು.

ಕಣಗಳಿವೆಯೋ ಇಲ್ಲವೋ ಎಂಬುದು ನೋಡುವವರ ಮೇಲೆ ನಿಂತಿದೆಯೆ?

ಹೌದು. ಇದು ಕಪ್ಪುರಂಧ್ರಕ್ಕೆ ಮಾತ್ರ ಸೀಮಿತವಾದ ವಿಚಿತ್ರವೂ ಅಲ್ಲ. ಖಾಲಿ ಜಾಗದಲ್ಲಿ ಒಂದೇ ಸಮನೆ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಗುವವರಿಗೆ ಆ ಜಾಗ ಬೆಚ್ಚಗೆ ಕಾಣುತ್ತದೆ ಎಂದು ವಿಲಿಯಂ ಅನ್ರೂ 1976ರಲ್ಲಿ ತೋರಿಸಿದರು. ಸ್ಟೀಫನ್ ಫುಲ್ಲಿಂಗ್ ಮತ್ತು ಪಾಲ್ ಡೇವಿಸ್ ಅದಕ್ಕೂ ಮೊದಲೇ ಆ ದಾರಿಯಲ್ಲಿ ಹೆಜ್ಜೆ ಇಟ್ಟಿದ್ದರು. ಭೂಮಿಯ ಗುರುತ್ವದಷ್ಟು ವೇಗೋತ್ಕರ್ಷಕ್ಕೆ ಈ ತಾಪಮಾನ ಸುಮಾರು 4×10⁻²⁰ ಕೆಲ್ವಿನ್, ಆದ್ದರಿಂದ ಯಾವ ರಾಕೆಟ್ ಯಾತ್ರಿಗೂ ಅದು ತಟ್ಟುವುದಿಲ್ಲ.

ಕಪ್ಪುರಂಧ್ರದ ದಿಗಂತದ ಪಕ್ಕದಲ್ಲೇ ಬೀಳದೆ ನಿಲ್ಲಬೇಕಾದರೆ ರಾಕೆಟ್ ಉರಿಸುತ್ತಲೇ ಇರಬೇಕು, ಅಂದರೆ ಭಾರೀ ವೇಗೋತ್ಕರ್ಷ ಬೇಕು. ಹಾಗೆ ನಿಂತವರಿಗೆ ಸುತ್ತಲೂ ಧಗೆ. ಅಲ್ಲೇ ಪಕ್ಕದಲ್ಲಿ ಸುಮ್ಮನೆ ಬೀಳುತ್ತಿರುವವರಿಗೆ ಹೇಳಿಕೊಳ್ಳುವಂಥದ್ದೇನೂ ಕಾಣದು. ದಿಗಂತದ ಅಂಚಿನಲ್ಲಿ ಕಣಗಳು ಪಟಪಟನೆ ಸಿಡಿಯುತ್ತಿವೆ ಎಂಬ ಚಿತ್ರ ಈ ಎರಡನೆಯವರ ಅನುಭವಕ್ಕೆ ಹೊಂದುವುದೇ ಇಲ್ಲ.

ಜೋಡಿಯಲ್ಲಿ ಒಳಗೆ ಬೀಳುವುದು ಯಾವಾಗಲೂ ಋಣ ಶಕ್ತಿಯದೇ ಏಕೆ? ಅರ್ಧ ಸಲ ಇನ್ನೊಂದು ಬೀಳಬಾರದೆ?

ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ ಇದು, ಮತ್ತು ಕೇಳಿದವರ ತರ್ಕ ಸರಿಯಾಗಿಯೇ ಇರುತ್ತದೆ. ತಪ್ಪಿರುವುದು ಅವರಿಗೆ ಕೊಟ್ಟ ಚಿತ್ರ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. ಪ್ರತಿಕಣವೆಂದರೆ ಋಣ ಶಕ್ತಿಯ ಕಣವಲ್ಲ. ಎಲೆಕ್ಟ್ರಾನಿನ ಪ್ರತಿಕಣವಾದ ಪಾಸಿಟ್ರಾನಿಗೂ ಎಲೆಕ್ಟ್ರಾನಿನಷ್ಟೇ ಧನ ಶಕ್ತಿಯಿದೆ. ರಂಧ್ರಕ್ಕೆ ಪಾಸಿಟ್ರಾನ್ ಬಿದ್ದರೂ ಅದರ ತೂಕ ಹೆಚ್ಚುತ್ತದೆ. ಮೇಲಾಗಿ ನಕ್ಷತ್ರದಷ್ಟು ತೂಕದ ರಂಧ್ರದಿಂದ ಬರುವುದು ಮುಖ್ಯವಾಗಿ ಫೋಟಾನ್, ಅದಕ್ಕೆ ಅದೇ ಪ್ರತಿಕಣ. ಹಾಗಾಗಿ ಕಣ, ಪ್ರತಿಕಣಗಳ ಎಣಿಕೆಯಿಂದ ಇಲ್ಲಿ ಏನೂ ತೀರ್ಮಾನವಾಗುವುದಿಲ್ಲ.

ನಿಜವಾದ ಕಾರಣ 'ಶಕ್ತಿ' ಎಂಬುದರ ಅರ್ಥದಲ್ಲಿದೆ. ದೂರದಲ್ಲಿ ಕುಳಿತು ಲೆಕ್ಕ ಇಡುವವರಿಗೆ ಶಕ್ತಿಯೆಂದರೆ ಅವರ ಕಾಲದ ದಿಕ್ಕಿಗೆ ಸೇರಿದ ಒಂದು ರಾಶಿ. ದಿಗಂತದ ಹೊರಗೆ ಸ್ವತಂತ್ರವಾಗಿ ಚಲಿಸುವ ಯಾವ ಕಣಕ್ಕೂ ಅದು ಧನವಾಗಿಯೇ ಇರಬೇಕು. ದಿಗಂತ ದಾಟಿದ ಮೇಲೆ ಅದೇ ದಿಕ್ಕು ಕಾಲದ ದಿಕ್ಕಾಗಿ ಉಳಿಯದೆ ಜಾಗದ ದಿಕ್ಕಿನಂತಾಗುತ್ತದೆ. ಹೊರಗೆ ಶಕ್ತಿ ಎನ್ನುತ್ತಿದ್ದ ರಾಶಿ ಒಳಗೆ ಸಂವೇಗದಂತೆ ನಡೆದುಕೊಳ್ಳುತ್ತದೆ, ಸಂವೇಗಕ್ಕೆ ಎಡವೂ ಇದೆ ಬಲವೂ ಇದೆ. ಆದ್ದರಿಂದ ಹೊರಗಿನವರ ಲೆಕ್ಕದಲ್ಲಿ ಋಣವೆನಿಸುವ ಸ್ಥಿತಿಗೆ ದಿಗಂತದ ಒಳಗೆ ಮಾತ್ರ ಎಡೆಯಿದೆ, ಹೊರಗೆ ಇಲ್ಲ. ಋಣದ ಪಾಲು ಹೊರಗೆ ಹೋಗಿ ಧನದ ಪಾಲು ಒಳಗೆ ಬೀಳುವ ಪ್ರಸಂಗವೇ ಇಲ್ಲವಾದ್ದರಿಂದ ಅರ್ಧಕ್ಕರ್ಧ ಎಂಬ ಪ್ರಶ್ನೆ ಏಳುವುದಿಲ್ಲ. ಜೊತೆಯಲ್ಲಿ ಬೀಳುತ್ತಿರುವವರು ಅಳೆದರೆ ಆ ಪಾಲಿನಲ್ಲೂ ಅಸಹಜವಾದದ್ದೇನೂ ಕಾಣದು. ಋಣವೆನ್ನುವುದು ದೂರದವರ ಲೆಕ್ಕದ ಮಾತು. ಹೊರಗೆ ಹರಿದಷ್ಟು ಧನ ಶಕ್ತಿಗೆ ಸಮನಾದ ಋಣ ಶಕ್ತಿ ದಿಗಂತದ ಮೂಲಕ ಒಳಗೆ ಹರಿಯುತ್ತದೆ, ಅಷ್ಟರ ಮಟ್ಟಿಗೆ ರಂಧ್ರ ಹಗುರವಾಗುತ್ತದೆ.

ಅಂದ ಮೇಲೆ ಜೋಡಿಯ ಚಿತ್ರ ಪೂರ್ತಿ ಸುಳ್ಳೆ?

ಪೂರ್ತಿ ಅಲ್ಲ. ಹಾಕಿಂಗ್ ತಾವೇ 1975ರ ಲೇಖನದಲ್ಲಿ ಆ ಚಿತ್ರವನ್ನು ಕೊಟ್ಟು, ಅದು ಊಹೆಗೆ ನೆರವಾಗಲೆಂದು ಹೇಳಿದ್ದು, ಅಕ್ಷರಶಃ ತೆಗೆದುಕೊಳ್ಳಬಾರದು ಎಂದು ಎಚ್ಚರಿಸಿದ್ದರು. ಚಿತ್ರ ಜನಪ್ರಿಯವಾಯಿತು, ಎಚ್ಚರಿಕೆ ಲೇಖನದಲ್ಲೇ ಉಳಿಯಿತು. ಅದರಲ್ಲಿ ಸತ್ಯವಾದ ಅಂಶ ಇಷ್ಟು: ಹೊರಗೆ ಹೋಗುವ ಪ್ರತಿ ಪಾಲಿಗೂ ಒಳಗೆ ಒಂದು ಜೊತೆಯಿದೆ, ಎರಡೂ ಕ್ವಾಂಟಂ ಹೆಣಿಗೆಯಿಂದ, ಅಂದರೆ ಒಂದನ್ನು ಬಿಟ್ಟು ಇನ್ನೊಂದರ ಸ್ಥಿತಿಯನ್ನು ಪೂರ್ತಿ ಹೇಳಲಾಗದಂತೆ, ಬೆಸೆದುಕೊಂಡಿವೆ. ಹೊರಗಿನದನ್ನು ಮಾತ್ರ ನೋಡುವವರಿಗೆ ಜೊತೆಯ ವಿವರ ಸಿಗುವುದಿಲ್ಲವಾದ್ದರಿಂದಲೇ ಅವರಿಗೆ ಅದು ಬರಿಯ ಶಾಖದಂತೆ ತೋರುತ್ತದೆ. 2000ದಲ್ಲಿ ಮೌಲಿಕ್ ಪರೀಖ್ ಮತ್ತು ಫ್ರಾಂಕ್ ವಿಲ್ಚೆಕ್ ಇದನ್ನು ದಿಗಂತದ ಮೂಲಕ ಸುರಂಗ ಕೊರೆದು ಬರುವ ಕಣದ ಲೆಕ್ಕವಾಗಿಯೂ ಬಿಡಿಸಿ, ಅದೇ ತಾಪಮಾನ ಪಡೆದರು. ಆದರೆ ಆ ಜೋಡಿಯನ್ನು ಮಿಥ್ಯಾಕಣಗಳೆಂದು ಕರೆಯಲು ಮಾತ್ರ ಆಧಾರವಿಲ್ಲ.

ವಿಕಿರಣ ದಿಗಂತದ ಮೇಲಿಂದಲೇ ಹೊರಡುತ್ತದೆಯೆ?

ಸೂರ್ಯನಷ್ಟು ತೂಕದ ಕಪ್ಪುರಂಧ್ರದ ತ್ರಿಜ್ಯ ಸುಮಾರು 3 ಕಿಲೋಮೀಟರು. ಅದರ ವಿಕಿರಣದ ಪ್ರಧಾನ ತರಂಗಾಂತರ ಸುಮಾರು 47 ಕಿಲೋಮೀಟರು. ಹೋಲಿಕೆಗೆ, ರಂಧ್ರ ಲಾಲ್‌ಬಾಗಿನ ಬಂಡೆಯ ಮೇಲೆ ಕೂತರೆ ಜಯನಗರವೂ ಬಸವನಗುಡಿಯೂ ಅದರೊಳಗೆ ಸೇರಿಹೋಗುತ್ತವೆ, ಒಂದು ಅಲೆ ಮಾತ್ರ ಅಲ್ಲಿಂದ ರಾಮನಗರದವರೆಗೂ ಚಾಚುತ್ತದೆ. ಇಷ್ಟು ಉದ್ದದ ಅಲೆಯನ್ನು 'ದಿಗಂತದ ಈ ಬಿಂದುವಿನಲ್ಲಿ ಹುಟ್ಟಿತು' ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಅದು ರಂಧ್ರದ ಸುತ್ತಲಿನ ವಿಸ್ತಾರವಾದ ಪ್ರದೇಶಕ್ಕೆ ಸೇರಿದ್ದು.

ಆ ಪ್ರದೇಶ ಅಲೆಗಳನ್ನು ಸಲೀಸಾಗಿ ಬಿಡುವುದೂ ಇಲ್ಲ. ಬಾಗಿದ ದೇಶಕಾಲ ಒಂದು ದಿಬ್ಬದಂತೆ ಅಡ್ಡ ನಿಂತು, ಉದ್ದನೆಯ ಅಲೆಗಳಲ್ಲಿ ಬಹುಪಾಲನ್ನು ಮರಳಿ ಒಳಕ್ಕೆ ತಳ್ಳುತ್ತದೆ. ಅದೇ ದಿಬ್ಬಕ್ಕೆ ಗುರುತ್ವದ ಅಲೆಗಳು ಬಡಿದರೆ ಹೇಗೆ ಚದುರುತ್ತವೆ ಎಂದು 1970ರಲ್ಲಿ ಲೆಕ್ಕ ಹಾಕಿ, ಕಪ್ಪುರಂಧ್ರ ಗಂಟೆಯಂತೆ ಅನುರಣಿಸಿ ಬೇಗನೆ ಸುಮ್ಮನಾಗುತ್ತದೆ ಎಂದು ಕಂಡವರು ನಮ್ಮ ಊರಿನ ಸಿ. ವಿ. ವಿಶ್ವೇಶ್ವರ. ಆಗ ಅಮೆರಿಕದಲ್ಲಿದ್ದ ಅವರು ಮುಂದೆ ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು, ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾದರು. ಆ ತಾರಾಲಯದ ಗುಮ್ಮಟದ ಕೆಳಗೆ ಕುಳಿತು ಆಕಾಶ ನೋಡಿದ ನಗರದ ಮಕ್ಕಳಿಗೆ ಲೆಕ್ಕವಿಲ್ಲ.

ಇದನ್ನು ಯಾರಾದರೂ ಕಂಡಿದ್ದಾರೆಯೆ?

ಆಕಾಶದಲ್ಲಿ ಇಲ್ಲ. ಸೂರ್ಯನಷ್ಟು ತೂಕದ ರಂಧ್ರ ಸೂಸುವ ಸಾಮರ್ಥ್ಯ ಸುಮಾರು 10⁻²⁸ ವಾಟ್. ವಿಶ್ವವನ್ನೆಲ್ಲ ತುಂಬಿರುವ ಹಿನ್ನೆಲೆ ವಿಕಿರಣದ ತಾಪಮಾನ 2.7 ಕೆಲ್ವಿನ್, ಹಾಗಾಗಿ ಅಂಥ ರಂಧ್ರ ಕೊಡುವುದಕ್ಕಿಂತ ತೆಗೆದುಕೊಳ್ಳುವುದೇ ಹೆಚ್ಚು. ಈಗಲೇ ಕರಗತೊಡಗಲು ರಂಧ್ರವೊಂದು ಚಂದ್ರನಿಗಿಂತ ಹಗುರವಾಗಿರಬೇಕು. ವಿಶ್ವದ ಆರಂಭದಲ್ಲಿ ಚಿಕ್ಕ ರಂಧ್ರಗಳು ಹುಟ್ಟಿದ್ದರೆ, ಆಗ ಸುಮಾರು ಐವತ್ತು ಕೋಟಿ ಟನ್ ತೂಗುತ್ತಿದ್ದವು ನಮ್ಮ ಕಾಲಕ್ಕೆ ಆವಿಯಾಗಿ ಮುಗಿಯುತ್ತಿರಬೇಕು. ಅವುಗಳ ಗಾಮಾ ಕಿರಣಗಳಿಗಾಗಿ ಹುಡುಕಿದ್ದಾರೆ, ಸಿಕ್ಕಿಲ್ಲ.

ಪ್ರಯೋಗಾಲಯದಲ್ಲಿ ಅದರ ಸೋದರ ವಿದ್ಯಮಾನಗಳಿವೆ. ನದಿ ಅಲೆಗಿಂತ ವೇಗವಾಗಿ ಹರಿದರೆ ಅಲೆ ಹಿಂದಕ್ಕೆ ಬರಲಾರದು, ಅದೇ ಅಲೆಗೆ ದಿಗಂತ ಎಂದು ಅನ್ರೂ 1981ರಲ್ಲಿ ತೋರಿಸಿದರು. ಕಾವೇರಿ ನೀರು ಜೋರಾಗಿ ಬರುವ ಹೊತ್ತಿನಲ್ಲಿ ಅಡುಗೆಮನೆಯ ನಲ್ಲಿಯ ಕೆಳಗೆ ಸ್ಟೀಲ್ ತಟ್ಟೆಯೊಂದನ್ನು ಬೋರಲು ಹಾಕಿ ನೋಡಿ. ಧಾರೆ ಬಿದ್ದಲ್ಲಿ ತೆಳುವಾದ, ಗಾಜಿನಂತೆ ನುಣುಪಾದ ವೃತ್ತವೊಂದು ಮೂಡುತ್ತದೆ. ಅದರ ಅಂಚಿನಲ್ಲಿ ನೀರು ತಟಕ್ಕನೆ ಎದ್ದು ಉಂಗುರವಾಗುತ್ತದೆ. ವೃತ್ತದೊಳಗೆ ಪಿನ್ನಿನ ತುದಿ ಅದ್ದಿದರೆ ಬಾಣದ ಮೊನೆಯಂಥ ಅಲೆ ಹೊರಕ್ಕೆ ಚಾಚುತ್ತದೆ, ಏಕೆಂದರೆ ಅಲ್ಲಿ ನೀರು ಅಲೆಗಿಂತ ವೇಗಿ. ಉಂಗುರದ ಹೊರಗೆ ಅದ್ದಿ ಎಬ್ಬಿಸಿದ ಅಲೆ ಎಷ್ಟೇ ಮಾಡಿದರೂ ಒಳಗೆ ಬರುವುದಿಲ್ಲ. ಇದು ಕಪ್ಪುರಂಧ್ರದ ತಿರುಗುಮುರುಗು ರೂಪ, ಒಳಗೆ ಹೋಗಲಾಗದ ದಿಗಂತ. ಧ್ವನಿ ಹೊರಬರಲಾಗದ ದಿಗಂತವನ್ನು ಅತಿ ಶೀತಲ ರುಬಿಡಿಯಂ ಪರಮಾಣುಗಳ ಹರಿವಿನಲ್ಲಿ ನಿರ್ಮಿಸಿದ ಇಸ್ರೇಲಿನ ಜೆಫ್ ಸ್ಟೈನ್‌ಹಾವರ್, ಒಳಗೂ ಹೊರಗೂ ಹೋಗುವ ಧ್ವನಿಕಂತುಗಳ ನಡುವಿನ ಜೋಡಿ ಸಂಬಂಧವನ್ನು 2016ರಲ್ಲಿ ವರದಿ ಮಾಡಿದರು. 2019ರಲ್ಲಿ ಅವರ ತಂಡ ಅಳೆದ ತಾಪಮಾನ ಲೆಕ್ಕಕ್ಕೆ ಹೊಂದಿತು. ಅಲ್ಲಿ ಗುರುತ್ವವಿಲ್ಲ, ಆದ್ದರಿಂದ ಇದನ್ನು ಕಪ್ಪುರಂಧ್ರದ ವಿಕಿರಣದ ನೇರ ಪುರಾವೆ ಎನ್ನುವುದು ಅತಿಯಾದೀತು.

ಈ ಲೆಕ್ಕದಲ್ಲಿ ದುರ್ಬಲ ಜಾಗ ಯಾವುದೂ ಇಲ್ಲವೆ?

ಇದೆ. ಈಗ ದೂರಕ್ಕೆ ತಲುಪಿದ 47 ಕಿಲೋಮೀಟರ್ ಅಲೆಯನ್ನು ಹಿಂದಕ್ಕೆ ಹಿಂಬಾಲಿಸಿ. ಪ್ರತಿ 20 ಮೈಕ್ರೋಸೆಕೆಂಡಿಗೆ 2.7 ಪಟ್ಟು ಕುಗ್ಗುತ್ತಾ ಹೋದರೆ, ಎರಡು ಮಿಲಿಸೆಕೆಂಡು ತುಂಬುವ ಮೊದಲೇ ಅದು 1.6×10⁻³⁵ ಮೀಟರಿನ ಪ್ಲಾಂಕ್ ಉದ್ದಕ್ಕಿಂತ ಚಿಕ್ಕದಾಗುತ್ತದೆ. ಅಷ್ಟು ಚಿಕ್ಕ ಅಳತೆಯಲ್ಲಿ ನಯವಾದ ದೇಶಕಾಲ ಎಂಬ ಕಲ್ಪನೆಯನ್ನೇ ನಂಬುವಂತಿಲ್ಲ. ಅನ್ರೂ ಅವರ ದ್ರವದ ಮಾದರಿ ಬೆಲೆಬಾಳುವುದು ಇಲ್ಲೇ: ದ್ರವದಲ್ಲಿ ಪರಮಾಣುಗಳಿಗಿಂತ ಚಿಕ್ಕ ಅಲೆ ಇರುವುದಿಲ್ಲ, ಆದರೂ ಲೆಕ್ಕದಲ್ಲಿ ವಿಕಿರಣ ಉಳಿದುಕೊಳ್ಳುತ್ತದೆ.

ಕೊನೆಗೆ ಏನಾಗುತ್ತದೆ?

ಸೂರ್ಯನಷ್ಟು ತೂಕದ ರಂಧ್ರ ಆವಿಯಾಗಲು ಸುಮಾರು 10⁶⁷ ವರ್ಷ ಬೇಕು, ಅದೂ ಸುತ್ತಲ ವಿಶ್ವ ಅದಕ್ಕಿಂತ ತಣ್ಣಗಾದ ಮೇಲೆ. ಒಳಗೆ ಬಿದ್ದದ್ದರ ಮಾಹಿತಿ ಅಷ್ಟರಲ್ಲಿ ಅಳಿಸಿಹೋಗುತ್ತದೆ ಎಂದು ಹಾಕಿಂಗ್ 1976ರಲ್ಲಿ ವಾದಿಸಿದರು. ಮಾಹಿತಿ ವಿಕಿರಣದ ಹೆಣಿಗೆಯಲ್ಲೇ ಹೊರಬರುವುದಾದರೆ ಯಾವ ಹಂತದಲ್ಲಿ ಬರಬೇಕು ಎಂದು ಡಾನ್ ಪೇಜ್ 1993ರಲ್ಲಿ ಲೆಕ್ಕ ಹಾಕಿದರು. 2004ರಲ್ಲಿ ಹಾಕಿಂಗ್ ತಮ್ಮ ನಿಲುವು ಬದಲಿಸಿ, ಜಾನ್ ಪ್ರೆಸ್ಕಿಲ್ ಅವರೊಂದಿಗೆ ಕಟ್ಟಿದ್ದ ಪಂದ್ಯದ ಸೋಲನ್ನು ಒಪ್ಪಿಕೊಂಡು ಬೇಸ್‌ಬಾಲ್ ವಿಶ್ವಕೋಶವೊಂದನ್ನು ಕೊಟ್ಟರು. ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ.

ರಂಧ್ರ ಹಗುರವಾದಷ್ಟೂ ಕರಗುವ ವೇಗ ಹೆಚ್ಚುತ್ತದೆ. ಕೊನೆಯ 0.1 ಸೆಕೆಂಡಿನಲ್ಲಿ ಹೊರಬೀಳುವ ಶಕ್ತಿ ಸುಮಾರು ಹತ್ತು ಲಕ್ಷ ಮೆಗಾಟನ್ ಬಾಂಬುಗಳಿಗೆ ಸಮ ಎಂದು 1974ರ ಲೇಖನದಲ್ಲೇ ಅಂದಾಜಿದೆ. ರಂಧ್ರದ ತೂಕ 0.02 ಮಿಲಿಗ್ರಾಂಗೆ, ಅಂದರೆ ಒಂದು ರಾಗಿಕಾಳಿನ ಸುಮಾರು ನೂರನೆಯ ಒಂದು ಪಾಲಿಗೆ ಇಳಿಯುವವರೆಗೆ ಮಾತ್ರ ಈ ಲೆಕ್ಕ ಹಿಡಿಯುತ್ತದೆ. ಅಲ್ಲಿಂದಾಚೆಗೆ ದೇಶಕಾಲವನ್ನು ಸ್ಥಿರವಾದ ವೇದಿಕೆಯೆಂದು ಇಟ್ಟುಕೊಂಡು ಅದರ ಮೇಲೆ ಕ್ಷೇತ್ರವನ್ನು ಹರಡುವ ವಿಧಾನಕ್ಕೆ ವೇದಿಕೆಯೇ ಉಳಿಯುವುದಿಲ್ಲ.